ಹೂಳುವವರು, ಮಾರುವವರು

“ನೀನು ಇದನ್ನು ಹೂಳುತ್ತಿದ್ದೀಯ.”

“ನೀನು ಇದನ್ನು ಪ್ರವಾಸಿಗರಿಗೆ ಮಾರುತ್ತಿದ್ದೀಯ.”

ಗುರುವಾರದಿಂದ ಈ ಎರಡು ಮಾತುಗಳು ನನ್ನ ತಲೆ ಬಿಟ್ಟು ಹೋಗಿಲ್ಲ. ಆಡಿದವರಿಬ್ಬರೂ ಎಪ್ಪತ್ತು ದಾಟಿದವರು. ಬಾರ್ಸಿಲೋನಾದ ನಮ್ಮ ಕಟ್ಟಡದಲ್ಲಿ ಲಿಫ್ಟ್ ಇಲ್ಲ. ಮೇಲಿನ ಮಹಡಿಯ ನಿವೃತ್ತ ಶಿಕ್ಷಕಿಯ ಮನೆಗೆ ಕಿತ್ತಳೆ ಬಣ್ಣದ ಗ್ಯಾಸ್ ಸಿಲಿಂಡರ್ ಹೊತ್ತು ಹಾಕುವುದು ನನ್ನ ಪಾಲಿಗೆ ಬಂದ ಕೆಲಸ. ಅದನ್ನು ಇಳಿಸಿ ಹೊರಡುವಷ್ಟರಲ್ಲಿ ಅವರ ಹಳೆಯ ಜೊತೆಗಾರರು ಗಿಟಾರ್ ಹಿಡಿದು ಬಂದರು. ಬಡಾವಣೆಯ ಹಬ್ಬದಲ್ಲಿ ಇಬ್ಬರೂ ನುಡಿಸಲಿದ್ದಾರೆ. ಕೇಳುವುದಕ್ಕೆ ಒಂದು ಜೊತೆ ಕಿವಿ ಬೇಕಿತ್ತು, ನನ್ನನ್ನು ಕೂರಿಸಿಕೊಂಡರು.

ನುಡಿಸಲಿದ್ದದ್ದು ಎನ್ರಿಕೆ ಗ್ರನಾದೋಸ್ ಪಿಯಾನೋಗೆಂದು ಬರೆದ ಹನ್ನೆರಡು ಸ್ಪ್ಯಾನಿಷ್ ನೃತ್ಯಗಳಲ್ಲಿ ಎರಡನೆಯದು, ‘ಓರಿಯೆಂಟಲ್’, ಎಂದರೆ ಪೂರ್ವದೇಶದ್ದು. ಒಂದು ಗಿಟಾರ್ ಬಿಡಿ ಸ್ವರಗಳನ್ನು ಅಲೆಅಲೆಯಾಗಿ ಹರಿಯಬಿಡುತ್ತದೆ, ಇನ್ನೊಂದು ಅದರ ಮೇಲೆ ಎರಡೆರಡು ಸ್ವರಗಳನ್ನು ಜೋಡಿಸಿ ಹಾಡುತ್ತದೆ. ಸ್ವರಲಿಪಿಯ ಹಾಳೆಯ ನೆತ್ತಿಯ ಮೇಲೆ ‘ಆಂದಾಂತೆ’ ಎಂದಿದೆ. ತೀರ ನಿಧಾನವೂ ಅಲ್ಲ, ಅವಸರವೂ ಅಲ್ಲ. ಜಗಳ ಹುಟ್ಟಲು ಇದಕ್ಕಿಂತ ಒಳ್ಳೆಯ ಸೂಚನೆ ಬೇಕೆ?

ಶಿಕ್ಷಕಿ ಎಳೆದು ನುಡಿಸಿದರು. ಜೊತೆಗಾರರು ಎಂಟು ಹತ್ತು ಆವರ್ತಗಳವರೆಗೆ ಸಹಿಸಿಕೊಂಡು, ಅಂಗೈಯಿಂದ ತಂತಿಗಳನ್ನು ಮುಚ್ಚಿ, ಹೂಳುವ ಮಾತು ಆಡಿದರು. ಉತ್ತರ ಬರಲು ಅರೆ ಕ್ಷಣವೂ ಹಿಡಿಯಲಿಲ್ಲ. ಎಷ್ಟೋ ವರ್ಷಗಳಿಂದ ಬಾಯಲ್ಲಿಟ್ಟುಕೊಂಡೇ ಕಾದಿದ್ದರೇನೋ. ನನ್ನೆದುರು ಸ್ಪ್ಯಾನಿಷ್ ಆಡುತ್ತಿದ್ದವರು ಅಲ್ಲಿಂದ ಮುಂದೆ ತಮ್ಮ ಊರಿನ ನುಡಿ ಕತಲಾನ್‌ಗೆ ಹೊರಳಿದರು. ಮನೆಗೆ ಬಂದವರ ಮುಂದೆ ಗಂಡ ಹೆಂಡತಿ ಜಗಳವಾಡುವಾಗ ದನಿ ತಗ್ಗಿಸಿದ ಹಾಗೆ.

ಶಿಕ್ಷಕಿಯ ವಾದ ಗ್ರನಾದೋಸ್‌ನ ಸಾವಿನ ಮೇಲೆ ನಿಂತಿದೆ. 1916ರಲ್ಲಿ ನ್ಯೂಯಾರ್ಕಿನಲ್ಲಿ ತನ್ನ ಒಪೆರಾದ ಮೊದಲ ಪ್ರದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ. ಅಧ್ಯಕ್ಷ ವಿಲ್ಸನ್ ಮುಂದೆ ಪಿಯಾನೋ ನುಡಿಸುವ ಆಹ್ವಾನ ಬಂದು, ಸ್ಪೇನಿಗೆ ನೇರ ಹೋಗುವ ಹಡಗು ತಪ್ಪಿತು. ಇಂಗ್ಲೆಂಡ್ ಮೂಲಕ ಬರಬೇಕಾಯಿತು. ಮಾರ್ಚ್ 24ರಂದು ಇಂಗ್ಲಿಷ್ ಕಾಲುವೆಯಲ್ಲಿ ‘ಸಸೆಕ್ಸ್’ ಹಡಗಿಗೆ ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ಗಂಡ ಹೆಂಡತಿ ಇಬ್ಬರೂ ನೀರುಪಾಲಾದರು. ಇಷ್ಟು ಗೊತ್ತಿದ್ದೂ ಇದನ್ನು ಕುಣಿಸುತ್ತಾ ನುಡಿಸಲು ಮನಸ್ಸಾದರೂ ಹೇಗೆ ಬರುತ್ತದೆ ಎಂಬುದು ಅವರ ಪ್ರಶ್ನೆ.

“ಇದನ್ನು ಬರೆದಾಗ ಅವನಿಗೆ ಇಪ್ಪತ್ತರ ಮೇಲೆ ಒಂದಿಷ್ಟು ವಯಸ್ಸು. ಹಡಗಿನ ಸುದ್ದಿ ಅವನಿಗೆ ಇನ್ನೂ ಮುಟ್ಟಿರಲಿಲ್ಲ” ಎಂದರು ಜೊತೆಗಾರರು.

ಮಾತು ಸರಿಯೇ. ಆದರೆ ಆ ಮನುಷ್ಯನಿಗೆ ಸರಿಯಾಗಿ ಮಾತಾಡುವುದಕ್ಕಿಂತ ಗೆಲ್ಲುವುದು ಇಷ್ಟ. ಆಡಿ ಮುಗಿಸಿದವರೇ ನನ್ನತ್ತ ನೋಡಿ, ಬಲಗೈ ಉಗುರುಗಳನ್ನು ಮರಳುಕಾಗದದ ಚೂರಿಗೆ ಉಜ್ಜುತ್ತಾ ಕುಳಿತರು. ಎಡಗೈಯ ಉಗುರುಗಳು ಚರ್ಮಕ್ಕೆ ಅಂಟುವಂತೆ ಕತ್ತರಿಸಿದ್ದವು, ಬಲಗೈಯವು ಮದುಮಗಳ ಉಗುರುಗಳಂತೆ ನೀಳ.

ನಾನು ತೀರ್ಪುಗಾರನಾದದ್ದಕ್ಕೆ ಕಾರಣ ಸಂಗೀತವಲ್ಲ, ಶೀರ್ಷಿಕೆ. “ನಿಮ್ಮ ಕಡೆಯದಲ್ಲವೇ, ನೀವೇ ಹೇಳಿ” ಎಂದರು. ಯೇಯ್ದಾ ಊರಿನಲ್ಲಿ ಹುಟ್ಟಿದ ಕತಲಾನ್ ಹುಡುಗನೊಬ್ಬ ದಕ್ಷಿಣ ಸ್ಪೇನಿನ ಅರಬ್ಬರ ಕಾಲವನ್ನು ನೆನೆದು ಕಟ್ಟಿಕೊಂಡ ಪೂರ್ವದೇಶ ಅದು. ಅದಕ್ಕೆ ಶಿವಮೊಗ್ಗದವನು ಸಾಕ್ಷಿ ಹೇಳಬೇಕು!

ನನಗೆ ಅಲ್ಲಿ ಹೇಳಬೇಕೆನಿಸಿದ್ದು ಶ್ರುತಿಯ ವಿಷಯ. ಪಿಯಾನೋದಲ್ಲಿ ಇದು ಸಿ ಮೈನರ್, ಅಂದರೆ ಸಿ ಸ್ವರವೇ ಷಡ್ಜ. ಅವರ ಹಾಳೆಯಲ್ಲಿ ಇ ಮೈನರ್. ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಇದು ಲೆಕ್ಕಕ್ಕಿಲ್ಲ. ಶ್ರುತಿ ಎರಡು ಮನೆ ಏರಿದರೂ ಕೀರವಾಣಿ ರಾಗ ಕೀರವಾಣಿಯೇ. ಗಿಟಾರಿಗೆ ಮಾತ್ರ ಲೆಕ್ಕಕ್ಕುಂಟು. ಅದರ ಆರು ತಂತಿಗಳ ಶ್ರುತಿ ಇ, ಎ, ಡಿ, ಜಿ, ಬಿ, ಇ. ಆರೂ ಇ ಮೈನರ್‌ನ ಸ್ವರಗಳೇ. ಬೆರಳು ಮುಟ್ಟದ ತಂತಿಯೂ ಒಳಗೊಳಗೇ ಮಿಡಿದು ದನಿಗೂಡಿಸುತ್ತದೆ. ಸಿ ಮೈನರ್‌ನಲ್ಲಿ ಇ, ಎ, ಬಿ ಮೂರೂ ಅರ್ಧ ಸ್ವರ ಕೆಳಗಿಳಿಯುವುದರಿಂದ ತೆರೆದ ತಂತಿಗಳಲ್ಲಿ ಹೆಚ್ಚಿನವು ಉಪಯೋಗಕ್ಕೆ ಬರುವುದಿಲ್ಲ. ಶಿಕ್ಷಕಿ ಬಯಸುವ ಕತ್ತಲೆ ಪಿಯಾನೋದಲ್ಲಿ ಸಿಗಬಹುದು. ಈ ಹಾಳೆಯಲ್ಲಿ ವಾದ್ಯವೇ ಅವರಿಗೆ ಎದುರು ನುಡಿಯುತ್ತಿದೆ. ಎಷ್ಟು ಎಳೆದರೂ ತಂತಿಗಳು ಮಿನುಗುತ್ತವೆ.

ಆದರೂ ನನ್ನ ಮನಸ್ಸು ಅವರ ಕಡೆಗೇ. ಜೊತೆಗಾರರ ವೇಗದಲ್ಲಿ ಎಲ್ಲವೂ ಚೆಂದವಾಗಿತ್ತು, ಎಲ್ಲವೂ ಮೊದಲೇ ಕೇಳಿದಂತಿತ್ತು. ರಾಂಬ್ಲಾ ಬೀದಿಯಲ್ಲಿ ಪ್ರವಾಸಿಗರ ಅಂಗಡಿಗಳಲ್ಲಿ ತೂಗುವ ಬೀಸಣಿಗೆಗಳೆಲ್ಲ ಕಣ್ಣ ಮುಂದೆ ಬಂದವು. ಮಾರುವ ಮಾತು ನಾಟಿದ್ದು ಅಲ್ಲಿ. ಊರಿನಿಂದ ದೂರ ಬಂದವರು ಈ ಎರಡರಲ್ಲಿ ಒಂದನ್ನು ಮಾಡುತ್ತಲೇ ಇರುತ್ತೇವೆ. ಇಲ್ಲಿನ ಕನ್ನಡದ ಮನೆಗಳಲ್ಲಿ ರಾಜ್ಯೋತ್ಸವಕ್ಕೆ ಭಾವಗೀತೆ ಹಾಡುವಾಗ ಗಮನಿಸಿದ್ದೇನೆ. ನಮ್ಮವರೇ ಇದ್ದರೆ ಪ್ರತಿ ಸಾಲನ್ನೂ ಎಳೆದೆಳೆದು ಕಣ್ಣೊರೆಸಿಕೊಳ್ಳುತ್ತೇವೆ. ಹೊರಗಿನ ಅತಿಥಿ ಒಬ್ಬರಿದ್ದರೂ ಅದೇ ಹಾಡಿಗೆ ಚಪ್ಪಾಳೆ ಸೇರಿ ವೇಗ ಏರುತ್ತದೆ. ಹಾಡಿಗೆ ಬೇಕಾದ ನಡೆ ಯಾವುದೆಂದು ಯಾರೂ ಕೇಳುವುದಿಲ್ಲ.

ನಡುವಿನ ಭಾಗದಲ್ಲಿ ಮಾತ್ರ ಇಬ್ಬರಿಗೂ ತಕರಾರಿರಲಿಲ್ಲ. ಅಲ್ಲಿ ಗ್ರನಾದೋಸನೇ ‘ಲೆಂತೊ ಅಸ್ಸಾಯ್’ ಎಂದು ಬರೆದಿದ್ದಾನೆ, ಬಲು ನಿಧಾನ. ಅಲ್ಲಿ ಜೊತೆಗಾರರೂ ಪೂರಾ ತಾಳ್ಮೆಯಿಂದ ನುಡಿಸಿದರು, ಶಿಕ್ಷಕಿಗಿಂತ ಚೆನ್ನಾಗಿಯೇ. ಮೊದಲ ಭಾಗ ಮರಳಿದ್ದೇ ತಡ, ಜಗಳವೂ ಮರಳಿತು.

ಕೊನೆಗೆ ಶಿಕ್ಷಕಿ ದೊಡ್ಡ ಮನಸ್ಸು ಮಾಡಿದರು. ಹಾಡುವ ಭಾಗ ಜೊತೆಗಾರರೇ ಇಟ್ಟುಕೊಳ್ಳಲಿ, ಸಭೆಯ ಮೆಚ್ಚುಗೆಯೂ ಅವರಿಗೇ ಇರಲಿ, ತಾವು ಹಿಂದಿನ ಅಲೆಗಳನ್ನು ನುಡಿಸಿಕೊಂಡಿರುತ್ತೇವೆ ಎಂದರು. ಜೊತೆಗಾರರು ಖುಷಿಯಾಗಿ ಒಪ್ಪಿ, ಗಿಟಾರನ್ನು ಪೆಟ್ಟಿಗೆಗೆ ಹಾಕಿ ಮೆಟ್ಟಿಲಿಳಿದರು. ವೇಗ ಇರುವುದು ಅಲೆ ಎಬ್ಬಿಸುವವರ ಕೈಯಲ್ಲಿ. ಅದು ಅವರಿಗೆ ಎರಡು ಮಹಡಿ ಇಳಿದ ಮೇಲೆ ಹೊಳೆಯಿತೆಂದು ಕಾಣುತ್ತದೆ, ಏದುಸಿರು ಬಿಡುತ್ತಾ ಮೇಲೆ ಬಂದು ಬಾಗಿಲು ತಟ್ಟಿದರು. ಈಗ ಹಾಡುವ ಭಾಗ ಇಬ್ಬರಿಗೂ ಬೇಡವಾಗಿದೆ.