‘ಇದು ಯಾರ ಮನಸ್ಸು?’: ಮನೋವಿಶ್ಲೇಷಣೆಯ ಪ್ರಬಂಧಗಳಿಗೆ ಮಾರ್ಗದರ್ಶನ ಮಾಡುತ್ತ ಕಲಿತದ್ದು

ಸಾಹಿತ್ಯದ ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳಿಗೆ ಮಾರ್ಗದರ್ಶನ ಮಾಡುವುದು ನನ್ನ ಕೆಲಸದ ಮುಖ್ಯ ಭಾಗ. ಹಳೆಯ ಶ್ರೇಷ್ಠ ಕೃತಿಗಳನ್ನು ಮನೋವಿಶ್ಲೇಷಣೆಯ ಬೆಳಕಿನಲ್ಲಿ ಓದಬೇಕೆಂದು ಬಯಸುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಅವರ ಮೊದಲ ಕರಡು ಬಹುಮಟ್ಟಿಗೆ ಒಂದೇ ರೂಪದಲ್ಲಿ ಬರುತ್ತದೆ: ಮೊದಲ ಅಧ್ಯಾಯದಲ್ಲಿ ಸಿಗ್ಮಂಡ್ ಫ್ರಾಯ್ಡ್‌ನ ಸಿದ್ಧಾಂತದ ಪರಿಚಯ, ಎರಡನೆಯದರಲ್ಲಿ ಕೃತಿಯ ಕಥಾಸಾರ, ಮೂರನೆಯದರಲ್ಲಿ ಕಥೆಯ ಒಂದೊಂದು ಘಟನೆಗೂ ದಮನ (ಬಯಕೆಯನ್ನು ಅರಿವಿನಿಂದ ಹೊರಗೆ ಒತ್ತಿಡುವುದು), ಸ್ಥಾನಾಂತರ (ಒಂದರ ಮೇಲಿನ ಭಾವವನ್ನು ಇನ್ನೊಂದರ ಮೇಲೆ ಹೊರಿಸುವುದು), ಈಡಿಪಸ್ ಕಾಂಪ್ಲೆಕ್ಸ್ (ಮಗುವಿಗೆ ತಾಯಿಯ ಮೇಲಿರುವ ಬಯಕೆ, ತಂದೆಯ ಮೇಲಿರುವ ದ್ವೇಷ) ಎಂಬ ಚೀಟಿಗಳನ್ನು ಅಂಟಿಸುವ ಕೆಲಸ. ಇಂಥ ಕರಡಿನಲ್ಲಿ ಇಂಥದ್ದು ತಪ್ಪು ಎಂದು ಬೆರಳಿಟ್ಟು ತೋರಿಸಬಹುದಾದದ್ದು ಕಡಿಮೆ. ಆದರೆ ಓದಿ ಮುಗಿಸಿದ ಮೇಲೆ ಕೃತಿಯ ಬಗ್ಗೆ ಮೊದಲು ಗೊತ್ತಿಲ್ಲದ ಒಂದು ಸಂಗತಿಯೂ ತಿಳಿದಿರುವುದಿಲ್ಲ. ಅಂಥ ಕಡೆ ನಾನು ಪುಟದ ಅಂಚಿನಲ್ಲಿ ಬರೆಯುವುದು ಒಂದೇ ಪ್ರಶ್ನೆ: ಇಲ್ಲಿ ವಿಶ್ಲೇಷಣೆಗೆ ಒಳಗಾಗುತ್ತಿರುವುದು ಯಾರ ಮನಸ್ಸು? ಪಾತ್ರದ್ದೇ, ಲೇಖಕನದ್ದೇ, ಓದುಗನದ್ದೇ, ಅಥವಾ ಯಾರ ಮನಸ್ಸೂ ಅಲ್ಲದೆ ಕಥೆ ಹೇಳುವ ಬಗೆಯನ್ನೇ ಪರಿಶೀಲಿಸಲಾಗುತ್ತಿದೆಯೇ? ಪ್ರತಿಯೊಂದಕ್ಕೂ ಬೇಕಾದ ಸಾಕ್ಷ್ಯ ಬೇರೆ. ಒಂದೇ ಪ್ಯಾರಾದೊಳಗೆ ಹ್ಯಾಮ್ಲೆಟ್‌ನಿಂದ ಶೇಕ್ಸ್‌ಪಿಯರ್‌ಗೆ, ಶೇಕ್ಸ್‌ಪಿಯರ್‌ನಿಂದ ‘ನಮ್ಮೆಲ್ಲರಿಗೆ’ ಜಿಗಿದಿರುವುದು ಬರೆದವರಿಗೇ ಗೊತ್ತಾಗಿರುವುದಿಲ್ಲ.

ಈ ಜಿಗಿತಕ್ಕೆ ವಿದ್ಯಾರ್ಥಿಗಳನ್ನು ಮಾತ್ರ ದೂರುವಂತಿಲ್ಲ, ಏಕೆಂದರೆ ಅದು ಆರಂಭವಾದದ್ದು ಫ್ರಾಯ್ಡ್‌ನಿಂದಲೇ. 1897ರ ಅಕ್ಟೋಬರ್‌ನಲ್ಲಿ ಗೆಳೆಯ ವಿಲ್ಹೆಲ್ಮ್ ಫ್ಲೀಸ್‌ಗೆ ಬರೆದ ಪತ್ರದಲ್ಲಿ ಅವನು ಈಡಿಪಸ್ ಮತ್ತು ಹ್ಯಾಮ್ಲೆಟ್ ಇಬ್ಬರನ್ನೂ ಒಟ್ಟಿಗೆ ತಂದ. 1900ರ ಇಸವಿಯನ್ನು ಹೊತ್ತು ಪ್ರಕಟವಾದ ಸ್ವಪ್ನಗಳ ಕುರಿತ ಗ್ರಂಥದಲ್ಲಿ ಅದನ್ನೇ ವಿಸ್ತರಿಸಿದ. ಅಲ್ಲಿ ಹ್ಯಾಮ್ಲೆಟ್ ಕುರಿತ ವಾದ ಸಾಮಾನ್ಯವಾಗಿ ನಾವು ನೆನಪಿಟ್ಟುಕೊಳ್ಳುವುದಕ್ಕಿಂತ ಹೆಚ್ಚು ಬಿಗಿಯಾಗಿದೆ. ಅತಿಯಾದ ಚಿಂತನೆಯಿಂದ ಕ್ರಿಯಾಶಕ್ತಿ ಉಡುಗಿಹೋದ ಮನುಷ್ಯ ಹ್ಯಾಮ್ಲೆಟ್ ಎಂಬ ಗಯಟೆಯ ವಿವರಣೆಯನ್ನು ಫ್ರಾಯ್ಡ್ ಒಪ್ಪುವುದಿಲ್ಲ. ಪರದೆಯ ಹಿಂದೆ ಅವಿತವನನ್ನು ಹ್ಯಾಮ್ಲೆಟ್ ಕ್ಷಣವೂ ತಡೆಯದೆ ಇರಿಯುತ್ತಾನೆ, ತನಗೆ ಗೊತ್ತುಮಾಡಿದ ಸಾವಿಗೆ ಇಬ್ಬರು ಆಸ್ಥಾನಿಕರನ್ನು ಕಳುಹಿಸುತ್ತಾನೆ, ಹೀಗಿರುವಾಗ ಅವನು ಹಿಂಜರಿಯುವುದು ತಂದೆಯನ್ನು ಕೊಂದು ತಾಯಿಯ ಪಕ್ಕದ ಸ್ಥಾನವನ್ನು ಆಕ್ರಮಿಸಿದ ಆ ಒಬ್ಬನ ವಿಷಯದಲ್ಲಿ ಮಾತ್ರ ಏಕೆ ಎಂದು ಕೇಳುತ್ತಾನೆ. ಹ್ಯಾಮ್ಲೆಟ್‌ನ ದಮನಗೊಂಡ ಬಾಲ್ಯದ ಬಯಕೆಯನ್ನೇ ಆ ಮನುಷ್ಯ ನೆರವೇರಿಸಿದ್ದಾನೆ ಎಂಬುದು ಫ್ರಾಯ್ಡ್‌ನ ಉತ್ತರ. ಪ್ರಶ್ನೆಯಂತೂ ನಾಟಕದ ಒಳಗಿನಿಂದಲೇ ಹುಟ್ಟಿದ್ದು. ಉತ್ತರವನ್ನು ಒಪ್ಪದವರೂ ಪ್ರಶ್ನೆಯನ್ನು ತಳ್ಳಿಹಾಕಲಾರರು. ಫ್ರಾಯ್ಡ್‌ನ ಅನುಯಾಯಿ ಅರ್ನೆಸ್ಟ್ ಜೋನ್ಸ್ 1910ರಲ್ಲಿ ಪ್ರಬಂಧವಾಗಿ ಆರಂಭಿಸಿ 1949ರಲ್ಲಿ ಪುಸ್ತಕವಾಗಿಸಿದ ವಾದದ ಬಲವೂ ಇಲ್ಲಿಯೇ ಇದೆ.

ಕರಡುಗಳಲ್ಲಿ ಪ್ರಶ್ನೆ ಬಿಟ್ಟುಹೋಗಿ ಉತ್ತರ ಮಾತ್ರ ಉಳಿದಿರುತ್ತದೆ. ‘ಹ್ಯಾಮ್ಲೆಟ್ ಬಾಲ್ಯದಲ್ಲಿ ತಾಯಿಯನ್ನು ಬಯಸಿದ್ದ’ ಎಂಬ ವಾಕ್ಯವನ್ನು ಕಂಡಾಗ ನಾನು ಕೆಂಪು ಗೆರೆ ಎಳೆಯುತ್ತೇನೆ, ಅಸಭ್ಯವೆಂದಲ್ಲ, ಆಧಾರವಿಲ್ಲವೆಂದು. ವಿದೂಷಕ ಯೋರಿಕ್‌ನ ಬೆನ್ನೇರಿ ಆಡಿದ್ದರ ನೆನಪನ್ನು ಬಿಟ್ಟರೆ ನಾಟಕವು ಅವನಿಗೆ ಕೊಟ್ಟಿರುವ ಬಾಲ್ಯ ಅತ್ಯಲ್ಪ. ಚಿಕಿತ್ಸೆಯ ಕೋಣೆಯಲ್ಲಿ ವಿಶ್ಲೇಷಕನು ಒಂದು ಅರ್ಥವನ್ನು ಮುಂದಿಟ್ಟಾಗ ರೋಗಿ ಮತ್ತೆ ಮಾತನಾಡುತ್ತಾನೆ. ಮುಕ್ತವಾಗಿ ಹರಿದುಬರುವ ಅವನ ನೆನಪುಗಳು ಆ ಅರ್ಥವನ್ನು ಬಲಪಡಿಸಬಹುದು ಅಥವಾ ಬುಡಮೇಲು ಮಾಡಬಹುದು. ಪಾತ್ರಕ್ಕೆ ಆ ಅವಕಾಶವಿಲ್ಲ. ಹಾಗಾಗಿ ರೋಗಿಯ ಮರುಮಾತಿನ ಜಾಗದಲ್ಲಿ ನಮಗೆ ಉಳಿಯುವುದು ಕೃತಿಯ ಇತರ ಸಾಲುಗಳು: ಮರುಕಳಿಸುವ ಪ್ರತಿಮೆ, ಪ್ರಸಂಗಕ್ಕೆ ಮೀರಿದ ಕೋಪ, ಹೇಳಬೇಕಾದ ಕಡೆ ಹೇಳದೆ ಬಿಟ್ಟದ್ದು. ತಂದೆಯನ್ನು ಕೊಂದ ಚಿಕ್ಕಪ್ಪ ಕ್ಲಾಡಿಯಸ್ ಪ್ರಾರ್ಥನೆಯಲ್ಲಿರುವಾಗ ಕೊಂದರೆ ಅವನು ಸ್ವರ್ಗಕ್ಕೆ ಹೋಗುತ್ತಾನೆಂಬ ಹ್ಯಾಮ್ಲೆಟ್‌ನ ಸಮರ್ಥನೆಯನ್ನು ಬರೀ ನೆಪವೆಂದು ಓದುವುದಾದರೆ, ನಾಟಕದ ಮೊದಲ ಪ್ರೇಕ್ಷಕರಿಗೆ ಸ್ವರ್ಗ ನರಕಗಳು ನೆಪದ ಮಾತುಗಳಾಗಿರಲಿಲ್ಲ ಎಂಬುದನ್ನು ಎದುರಿಸಿಯೇ ಮುಂದೆ ಹೋಗಬೇಕು. ಇದೇ ಸಂದರ್ಭದಲ್ಲಿ ಇನ್ನೊಂದು ಮಾತು: ತಾಯಿಯ ಕೋಣೆಯ ದೃಶ್ಯದಲ್ಲಿ ಮಂಚವಿದೆಯೆಂದು ಹಲವರು ಖಚಿತವಾಗಿ ಬರೆಯುತ್ತಾರೆ, ಆದರೆ ರಂಗಸೂಚನೆಯಲ್ಲಿ ಮಂಚವಿಲ್ಲ. ಜೋನ್ಸ್‌ನ ವಾದದಿಂದ ಪ್ರಭಾವಿತನಾಗಿದ್ದ ಲಾರೆನ್ಸ್ ಒಲಿವಿಯೆ 1948ರಲ್ಲಿ ತೆಗೆದ ಚಲನಚಿತ್ರದಂಥ ಪ್ರಯೋಗಗಳಿಂದ ಆ ಮಂಚ ನಮ್ಮ ನೆನಪಿಗೆ ಬಂದಿದೆ. ಸಿದ್ಧಾಂತದಿಂದ ಹುಟ್ಟಿದ ದೃಶ್ಯವನ್ನೇ ಸಿದ್ಧಾಂತಕ್ಕೆ ಸಾಕ್ಷಿಯಾಗಿ ಕರೆತಂದರೆ ವಾದವು ತನ್ನ ಸುತ್ತಲೇ ಸುತ್ತಿದಂತಾಗುತ್ತದೆ.

ಲೇಖಕನ ಮನಸ್ಸಿಗೆ ಹೋಗುವ ದಾರಿ ಇನ್ನೂ ಜಾರುವಂಥದ್ದು. ಅದನ್ನು ತೋರಿಸಲು ನಾನು ತರಗತಿಯಲ್ಲಿ ಬಳಸುವುದು ಒಂದು ಅಡಿಟಿಪ್ಪಣಿಯನ್ನು. ಶೇಕ್ಸ್‌ಪಿಯರ್ 1601ರಲ್ಲಿ ತನ್ನ ತಂದೆ ತೀರಿಕೊಂಡ ಬೆನ್ನಲ್ಲೇ ಹ್ಯಾಮ್ಲೆಟ್ ಬರೆದ, ಎಳೆಯ ವಯಸ್ಸಿನಲ್ಲೇ ಸತ್ತ ಅವನ ಮಗನ ಹೆಸರು ಹ್ಯಾಮ್ನೆಟ್ ಎಂಬುದಾಗಿತ್ತು ಎಂಬ ವಿವರಗಳನ್ನು ಫ್ರಾಯ್ಡ್ ತನ್ನ ಓದಿಗೆ ಆಧಾರವಾಗಿ ಬಳಸಿದ್ದ. ಮುಂದೆ ಅವನಿಗೆ ಈ ನಾಟಕಗಳನ್ನು ಬರೆದವನು ಆಕ್ಸ್‌ಫರ್ಡ್‌ನ ಅರ್ಲ್ ಇರಬೇಕೆಂಬ ನಂಬಿಕೆ ಬೆಳೆಯಿತು, ಮತ್ತು 1930ರ ಆವೃತ್ತಿಗೆ ಸೇರಿಸಿದ ಟಿಪ್ಪಣಿಯಲ್ಲಿ ಸ್ಟ್ರಾಟ್‌ಫರ್ಡ್‌ನ ಆ ಮನುಷ್ಯನೇ ಇವುಗಳ ಕರ್ತೃ ಎಂಬ ನಂಬಿಕೆ ತನಗೆ ಈಗ ಉಳಿದಿಲ್ಲವೆಂದು ತಿಳಿಸಿದ. ಆ ಹೊಸ ನಂಬಿಕೆಯನ್ನು ಶೇಕ್ಸ್‌ಪಿಯರ್ ವಿದ್ವಾಂಸರು ಬಹುತೇಕ ಎಲ್ಲರೂ ತಿರಸ್ಕರಿಸುತ್ತಾರೆ. ಆದರೆ ನಾನು ವಿದ್ಯಾರ್ಥಿಗಳಿಗೆ ಕೇಳುವುದು ಬೇರೆ. ತಂದೆಯ ಸಾವು, ಮಗನ ಹೆಸರು ಎರಡೂ ಆಧಾರದ ಸ್ಥಾನದಿಂದ ಬಿದ್ದುಹೋದ ಮೇಲೂ ಹ್ಯಾಮ್ಲೆಟ್‌ನ ವ್ಯಾಖ್ಯಾನ ಕದಲದೆ ನಿಂತಿತಲ್ಲ, ಹಾಗಾದರೆ ಆ ಆಧಾರಗಳು ಮೊದಲಿನಿಂದಲೂ ಮಾಡುತ್ತಿದ್ದ ಕೆಲಸವಾದರೂ ಏನು? ಈ ಪ್ರಶ್ನೆಯ ನಂತರ ಜೀವನಚರಿತ್ರೆಯ ಪುಟಗಳು ಕರಡಿನಿಂದ ತಾವಾಗಿಯೇ ಕಡಿಮೆಯಾಗುತ್ತವೆ. 1928ರ ದಸ್ತಯೇವ್‌ಸ್ಕಿ ಕುರಿತ ಬರಹದಲ್ಲಿ ಲೇಖಕನ ಮೂರ್ಛೆರೋಗವನ್ನು ಪಿತೃಹತ್ಯೆಯ ಬಯಕೆಗೆ ಜೋಡಿಸುವ ಫ್ರಾಯ್ಡ್, ಅದರ ಆರಂಭದಲ್ಲೇ, ಸೃಜನಶೀಲ ಕಲಾವಿದನ ಸಮಸ್ಯೆಯ ಮುಂದೆ ಮನೋವಿಶ್ಲೇಷಣೆ ಶಸ್ತ್ರವನ್ನು ಕೆಳಗಿಡಬೇಕಾಗುತ್ತದೆ ಎಂದು ಒಪ್ಪಿಕೊಂಡಿರುವುದನ್ನೂ ಓದಿಸುತ್ತೇನೆ.

ಸೊಫೊಕ್ಲೀಸ್‌ನ ಈಡಿಪಸ್ ನಾಟಕದ ವಿಷಯಕ್ಕೆ ಬಂದರೆ, ಸಿದ್ಧಾಂತಕ್ಕೆ ಹೆಸರು ಕೊಟ್ಟ ಕೃತಿಯೇ ಸಿದ್ಧಾಂತಕ್ಕೆ ಸುಲಭವಾಗಿ ಒಗ್ಗುವುದಿಲ್ಲವೆಂಬುದು ಬಹಳ ವಿದ್ಯಾರ್ಥಿಗಳಿಗೆ ಆಶ್ಚರ್ಯ ತರುತ್ತದೆ. ಫ್ರೆಂಚ್ ವಿದ್ವಾಂಸ ಜಾನ್-ಪಿಯೆರ್ ವೆರ್ನಾಂ 1967ರಲ್ಲಿ ಎತ್ತಿದ ಆಕ್ಷೇಪ ನೇರವಾಗಿದೆ. ಈಡಿಪಸ್‌ನನ್ನು ಸಾಕಿದವರು ಕೊರಿಂತ್‌ನ ಪಾಲಿಬಸ್ ಮತ್ತು ಮೆರೊಪಿ. ಅವರೇ ಹೆತ್ತವರೆಂದು ನಂಬಿ, ತಂದೆಯನ್ನು ಕೊಂದು ತಾಯಿಯನ್ನು ಕೂಡುವೆ ಎಂಬ ದೇವವಾಣಿಗೆ ಹೆದರಿ, ಅವನು ಊರು ಬಿಟ್ಟವನು. ಬಾಲ್ಯದ ಆಸೆ ದ್ವೇಷಗಳೇನಾದರೂ ಇದ್ದರೆ ಅವು ಇವರನ್ನು ಕುರಿತು ಇರಬೇಕೇ ಹೊರತು ಬಾಲ್ಯದಲ್ಲಿ ಕಂಡೇ ಇರದ ನಿಜವಾದ ಹೆತ್ತವರು ಲೇಯಸ್ ಮತ್ತು ಜೊಕಾಸ್ಟರನ್ನು ಕುರಿತಲ್ಲ. ಎಷ್ಟೋ ಗಂಡಸರು ಕನಸಿನಲ್ಲಿ ತಾಯಿಯನ್ನು ಕೂಡಿದ್ದುಂಟು ಎಂಬ ಜೊಕಾಸ್ಟಳ ಪ್ರಸಿದ್ಧ ಮಾತು ಕೂಡ ಬರುವುದು ಪಾಲಿಬಸ್ ಸತ್ತ ಸುದ್ದಿ ತಲುಪಿದಾಗ. ಮೆರೊಪಿಯ ವಿಷಯದಲ್ಲಿ ಇನ್ನೂ ಹೆದರುತ್ತಿರುವ ಗಂಡನನ್ನು, ಎಂದರೆ ತಿಳಿಯದೆ ತನ್ನನ್ನೇ ಮದುವೆಯಾಗಿರುವ ಈಡಿಪಸ್‌ನನ್ನು, ಸಮಾಧಾನಪಡಿಸಲು ಅವಳು ಆಡಿದ ಮಾತು ಅದು. ಸಾಲನ್ನು ಸಂದರ್ಭದಿಂದ ಕಿತ್ತು ಉದ್ಧರಿಸಿದವರು ಈ ವ್ಯಂಗ್ಯವನ್ನು ಕಳೆದುಕೊಳ್ಳುತ್ತಾರೆ.

ಇಷ್ಟಾದರೂ ಈ ನಾಟಕದ ಬಗ್ಗೆ ಫ್ರಾಯ್ಡ್ ಹೇಳಿದ ಒಂದು ಮಾತನ್ನು ನಾನು ಬಿಡುವುದಿಲ್ಲ, ಮತ್ತು ಅದು ತಾಯಿ-ಮಗನ ಕುರಿತದ್ದಲ್ಲ. ನಾಟಕದ ಕ್ರಿಯೆಯೆಲ್ಲ ಆಗಲೇ ನಡೆದುಹೋದದ್ದನ್ನು ಹಂತಹಂತವಾಗಿ, ಜಾಣತನದಿಂದ ತಡಮಾಡುತ್ತ ಬಯಲಿಗೆಳೆಯುವುದೇ ಆಗಿದೆ, ಮನೋವಿಶ್ಲೇಷಣೆಯ ಕೆಲಸವೂ ಹೀಗೆಯೇ ನಡೆಯುತ್ತದೆ ಎಂದು ಅವನು ಗಮನಿಸಿದ. ಇಲ್ಲಿ ಹೋಲಿಕೆ ಇರುವುದು ಪಾತ್ರದ ಮನಸ್ಸಿಗೂ ಸಿದ್ಧಾಂತಕ್ಕೂ ಅಲ್ಲ, ಎರಡು ಬಗೆಯ ಕಥನಗಳಿಗೆ. ಕುರುಡ ಕಾಲಜ್ಞಾನಿ ಟೈರೀಸಿಯಸ್ ಆರಂಭದಲ್ಲೇ ನೇರವಾಗಿ ಸತ್ಯವನ್ನು ಹೇಳಿಬಿಟ್ಟರೂ ಈಡಿಪಸ್‌ಗೆ ಅದು ಕೇಳಿಸುವುದಿಲ್ಲ. ಸತ್ಯವನ್ನು ಹೇಳಿದರೆ ಸಾಲದು, ಕೇಳುವವನು ಅದನ್ನು ತಾನೇ ಜೋಡಿಸಿ ತಲುಪಬೇಕು. ಈ ಎಳೆಯನ್ನು ಹಿಡಿದವರ ಪ್ರಬಂಧಗಳಲ್ಲಿ ದೂತ, ಕುರುಬ, ವಿಚಾರಣೆ, ಮೌನ ಎಲ್ಲಕ್ಕೂ ಕೆಲಸ ಸಿಗುತ್ತದೆ.

ನನ್ನ ಅನುಭವದಲ್ಲಿ ವಿದ್ಯಾರ್ಥಿಗಳಿಗೆ ಇದೆಲ್ಲವನ್ನೂ ಒಟ್ಟಿಗೆ ಮನವರಿಕೆ ಮಾಡಿಸುವ ಕೃತಿ ಇ. ಟಿ. ಎ. ಹಾಫ್‌ಮನ್‌ನ 1816ರ ‘ಸ್ಯಾಂಡ್‌ಮ್ಯಾನ್’ ಕಥೆ. 1919ರಲ್ಲಿ ಫ್ರಾಯ್ಡ್ ಅದನ್ನು ‘ಅನ್‌ಕ್ಯಾನಿ’ ಎಂಬ ಭಾವದ ಕುರಿತ ತನ್ನ ಪ್ರಬಂಧದ ನಡುವೆ ಇಟ್ಟು ವಿಶ್ಲೇಷಿಸಿದ. ಪರಿಚಿತವಾದದ್ದೇ ದಮನಗೊಂಡು ಮರಳಿ ಬಂದಾಗ ಹುಟ್ಟುವ ದಿಗಿಲು ಅದು. ಕಥೆಯ ನಾಯಕ ನತಾನಿಯೇಲ್‌ಗೆ ಕಣ್ಣು ಕಳೆದುಕೊಳ್ಳುವ ಭಯ. ಫ್ರಾಯ್ಡ್ ಅದನ್ನು ಶಿಶ್ನಚ್ಛೇದನದ ಭಯಕ್ಕೂ ತಂದೆಯ ಎರಡು ಮುಖಗಳಿಗೂ ಜೋಡಿಸುತ್ತಾನೆ. ನಾನು ಮಾಡುವುದಿಷ್ಟು: ಫ್ರಾಯ್ಡ್‌ನ ಪ್ರಬಂಧವನ್ನು ಕೊಡುವ ಮೊದಲು ಕಥೆಯನ್ನು ಓದಿಸಿ, ಪ್ರತಿಯೊಬ್ಬರಿಂದಲೂ ಒಂದು ಪುಟದ ಸಾರಾಂಶ ಬರೆಸುತ್ತೇನೆ, ಆಮೇಲೆ ಅದನ್ನು ಫ್ರಾಯ್ಡ್ ಬರೆದ ಸಾರಾಂಶದ ಪಕ್ಕದಲ್ಲಿ ಇಡಲು ಹೇಳುತ್ತೇನೆ.

ಆಗ ಮೊದಲು ಕಣ್ಣಿಗೆ ಬೀಳುವುದು ಪತ್ರಗಳು. ಕಥೆ ತೆರೆದುಕೊಳ್ಳುವುದು ಮೂರು ಪತ್ರಗಳಿಂದ, ಮತ್ತು ಮೊದಲ ಪತ್ರವೇ ದಾರಿ ತಪ್ಪಿದ್ದು: ನತಾನಿಯೇಲ್ ಅದನ್ನು ಪ್ರಿಯತಮೆ ಕ್ಲಾರಾಳ ಸೋದರ ಲೋಥಾರ್‌ಗೆ ಬರೆದು, ಮೇಲಿನ ವಿಳಾಸವನ್ನು ಮಾತ್ರ ಕ್ಲಾರಾಳದ್ದು ಬರೆದಿರುತ್ತಾನೆ. ಯಾರಿಂದ ಮುಚ್ಚಿಡಬೇಕೋ ಅವಳಿಗೇ ಗುಟ್ಟು ತಲುಪುತ್ತದೆ. ಕೈತಪ್ಪುಗಳಿಗೂ ಬಾಯಿತಪ್ಪುಗಳಿಗೂ ಅರ್ಥವಿದೆಯೆಂದು ಲೋಕಕ್ಕೆ ತೋರಿಸಿಕೊಟ್ಟವನ ಸಾರಾಂಶದಲ್ಲಿ, ತನಗಾಗಿಯೇ ಬರೆದಿಟ್ಟಂತಿರುವ ಈ ಕೈತಪ್ಪಿಗೆ ಜಾಗವಿಲ್ಲ. ಪತ್ರಗಳಾದ ಮೇಲೆ ನಿರೂಪಕನು ನಡುವೆ ಬಂದು, ಕಥೆಯನ್ನು ಎಲ್ಲಿಂದ ಆರಂಭಿಸಬೇಕೆಂದು ತನಗೆ ತೋಚಲಿಲ್ಲವೆಂದು ಹೇಳಿಕೊಳ್ಳುವುದೂ ಅಲ್ಲಿಲ್ಲ. ಹೆಲೆನ್ ಸಿಕ್ಸೂ ಮೊದಲಾದ ವಿಮರ್ಶಕರು 1970ರ ದಶಕದಲ್ಲಿ ಫ್ರಾಯ್ಡ್‌ನ ಈ ಪ್ರಬಂಧವನ್ನೇ ಒಂದು ಕಥೆಯಂತೆ ಓದಿ, ಅವನು ಏನನ್ನು ಬಿಟ್ಟ ಎಂದು ಕೇಳಿದರು. ಯಂತ್ರದ ಗೊಂಬೆ ಒಲಿಂಪಿಯಾ ಅವನ ಓದಿನಲ್ಲಿ ಬದಿಗೆ ಸರಿದುಹೋಗುವುದು ಅವರಿಗೆ ಕಂಡ ಕೊರತೆಗಳಲ್ಲಿ ಒಂದು. ಈ ಅಭ್ಯಾಸದಿಂದ ಫ್ರಾಯ್ಡ್‌ನ ಮೇಲಿನ ಗೌರವ ಕಡಿಮೆಯಾಗುವುದನ್ನು ನಾನು ಕಂಡಿಲ್ಲ; ಬದಲಾಗುವುದು ಅವನ ಸ್ಥಾನ. ತೀರ್ಪು ಕೊಡುವವನ ಜಾಗದಿಂದ ಇಳಿದು ಅವನೂ ಒಬ್ಬ ಓದುಗನಾಗುತ್ತಾನೆ, ವಿದ್ಯಾರ್ಥಿಗಳು ಅವನೊಡನೆ ವಾದ ಮಾಡಲು ಆರಂಭಿಸುತ್ತಾರೆ.

ಓದುಗನ ಮನಸ್ಸಿನ ಪ್ರಶ್ನೆಗೆ ಹೆನ್ರಿ ಜೇಮ್ಸ್‌ನ 1898ರ ‘ಟರ್ನ್ ಆಫ್ ದ ಸ್ಕ್ರೂ’ ಒಂದೇ ಸಾಕು. ಎಡ್ಮಂಡ್ ವಿಲ್ಸನ್ 1934ರಲ್ಲಿ, ಕಥೆಯಲ್ಲಿ ಕಾಣುವ ದೆವ್ವಗಳು ಗವರ್ನೆಸ್‌ಳ (ಮನೆಯಲ್ಲೇ ಇದ್ದು ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕಿಯ) ದಮನಗೊಂಡ ಬಯಕೆಯ ಭ್ರಮೆಗಳೆಂದು ಬರೆದ. ಹಾಗಾದರೆ ಎಂದೂ ಕಂಡು ಕೇಳಿರದ, ಸತ್ತುಹೋದ ಸೇವಕ ಕ್ವಿಂಟ್‌ನ ಕೆಂಗೂದಲನ್ನೂ ಚಹರೆಯನ್ನೂ ಅವಳು ಬಣ್ಣಿಸಿದ ಕೂಡಲೇ ಮನೆಯ ಮೇಲ್ವಿಚಾರಕಿ ಗುರುತು ಹಿಡಿದದ್ದು ಹೇಗೆ ಎಂಬುದು ಆ ಓದಿಗೆ ಎದುರಾದ ಗಟ್ಟಿ ಆಕ್ಷೇಪ. 1977ರಲ್ಲಿ ಶೊಶಾನಾ ಫೆಲ್ಮನ್ ವಿವಾದದ ದಿಕ್ಕನ್ನೇ ಬದಲಿಸಿದಳು. ಗುಟ್ಟನ್ನು ಬಾಯಿಬಿಡಿಸಿಯೇ ತೀರಬೇಕೆಂಬ ಗವರ್ನೆಸ್‌ಳ ಹಟದ ಕೊನೆಗೆ ಹುಡುಗ ಮೈಲ್ಸ್ ಅವಳ ತೋಳಿನಲ್ಲೇ ಸಾಯುತ್ತಾನೆ. ಕಥೆಯ ಅರ್ಥವನ್ನು ಕೊನೆಯ ಹನಿಯವರೆಗೂ ಹಿಂಡಬೇಕೆನ್ನುವ ವಿಮರ್ಶಕನೂ ಅದೇ ಹಟವನ್ನು ಮರಳಿ ಅಭಿನಯಿಸುತ್ತಾನೆ ಎಂಬುದು ಅವಳ ವಾದ. ಸಿದ್ಧಾಂತವನ್ನು ಸಾಹಿತ್ಯಕ್ಕೆ ‘ಅನ್ವಯಿಸುವುದು’ ಎಂಬ ಕಲ್ಪನೆಯನ್ನೇ ಅವಳು ಸಂದೇಹಿಸಿದಳು. ನನಗೆ ಆ ಸಂದೇಹ ಪೂರ್ತಿ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ಮೊದಲ ಸಲ ಬರೆಯುವವರಿಗೆ ಹಿಡಿದುಕೊಳ್ಳಲು ಏನಾದರೂ ಬೇಕು. ಆದರೆ ಎಲ್ಲಕ್ಕೂ ಉತ್ತರ ಸಿಕ್ಕಿಬಿಟ್ಟಿದೆ ಎಂಬ ದನಿಯ ಕರಡು ಬಂದಾಗ ಅವಳ ಬರಹವನ್ನೇ ಕೈಗಿಡುತ್ತೇನೆ.

ಇಷ್ಟರ ಪರಿಣಾಮವಾಗಿ ನನ್ನ ಮಾರ್ಗದರ್ಶನದ ಕ್ರಮದಲ್ಲಿ ಬದಲಾದದ್ದು ಮುಖ್ಯವಾಗಿ ಅಧ್ಯಾಯಗಳ ಅನುಕ್ರಮ. ಸಿದ್ಧಾಂತಕ್ಕೆ ಪ್ರತ್ಯೇಕ ಮೊದಲ ಅಧ್ಯಾಯವನ್ನು ನಾನು ಈಗ ಒಪ್ಪುವುದಿಲ್ಲ. ಕೃತಿಯಲ್ಲಿ ವಿವರಣೆಗೆ ಸಿಗದ ಒಂದು ಸ್ಥಳವನ್ನು ಮೊದಲು ತೋರಿಸಿ, ಅದನ್ನು ತೆರೆಯಲು ಬೇಕಾಗುವಷ್ಟು ಸಿದ್ಧಾಂತವನ್ನು ಅಲ್ಲಿಯೇ ತರಬೇಕೆನ್ನುತ್ತೇನೆ. ರೋಗನಿರ್ಣಯದ ಪದಗಳನ್ನು ಪಾತ್ರದ ಮೇಲೆ ಹೊರಿಸಿದಲ್ಲೆಲ್ಲ ಆ ಪದವನ್ನು ತೆಗೆದರೆ ವಾಕ್ಯದಲ್ಲಿ ಏನು ಉಳಿಯುತ್ತದೆ ಎಂದು ಬರೆದು ತೋರಿಸಲು ಕೇಳುತ್ತೇನೆ. ಮೌಖಿಕ ಪರೀಕ್ಷೆಯ ಪೂರ್ವಸಿದ್ಧತೆಯಲ್ಲಿ ಕೇಳುವ ಪ್ರಶ್ನೆ, ನಿಮ್ಮ ಓದಿಗೆ ಒಗ್ಗದ ಪುಟ ಯಾವುದು ಎಂಬುದು. ಅಂಥ ಪುಟ ಇಲ್ಲವೇ ಇಲ್ಲ ಎಂದವರನ್ನು ಕೃತಿಯ ಕಡೆಗೆ ವಾಪಸು ಕಳುಹಿಸುತ್ತೇನೆ. ‘ಸ್ಯಾಂಡ್‌ಮ್ಯಾನ್’ ಕುರಿತು ಬರೆಯುತ್ತಿದ್ದ ಒಬ್ಬ ವಿದ್ಯಾರ್ಥಿನಿ ಕಥೆಯ ಕೊನೆಯ ಪ್ಯಾರಾವನ್ನು ಹೆಸರಿಸಿದರು: ನತಾನಿಯೇಲ್ ಸತ್ತು ಹಲವು ವರ್ಷಗಳ ಮೇಲೆ ಕ್ಲಾರಾ ದೂರದ ಊರಿನಲ್ಲಿ ಗಂಡನೊಡನೆ ಮನೆಯ ಮುಂದೆ ಕುಳಿತಿದ್ದುದನ್ನೂ, ಇಬ್ಬರು ಗಂಡುಮಕ್ಕಳು ಆಡುತ್ತಿದ್ದುದನ್ನೂ ಯಾರೋ ಕಂಡರಂತೆ ಎಂದು ನಿರೂಪಕ ಹೇಳುವ ಭಾಗ ಅದು. ಕಣ್ಣಿನ ಭಯವನ್ನೇ ಕೇಂದ್ರವಾಗಿಸಿದ್ದ ಅವರ ಓದಿನಲ್ಲಿ ಇದಕ್ಕೆ ಸ್ಥಾನವಿರಲಿಲ್ಲ. ಪತ್ರಗಳನ್ನು ಕೈಯಲ್ಲಿ ಹಿಡಿದು ಆರಂಭಿಸಿದ ನಿರೂಪಕ ಗಾಳಿಸುದ್ದಿಯಿಂದ ಮುಗಿಸುವುದೇಕೆ ಎಂದು ಅವರು ಕೇಳತೊಡಗಿದಾಗ, ಕಥೆಯೊಳಗೆ ಯಾರು ಏನನ್ನು ನಿಜವಾಗಿ ಕಂಡರು, ಯಾರು ಕೇಳಿದ್ದನ್ನೇ ಕಂಡಂತೆ ಹೇಳಿದರು ಎಂಬ ಭೇದ ಮುಖ್ಯವಾಯಿತು, ಮೂರನೆಯ ಅಧ್ಯಾಯದ ತೀರ್ಮಾನವನ್ನು ಅವರು ಹೊಸದಾಗಿ ಬರೆಯಬೇಕಾಯಿತು.