ಡೆನ್ಸಿಟಿಯೂ ಬಂತು, ಗುಳ್ಳೆಯೂ ಬಂತು

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ ನನ್ನ ಕೆಲಸ. ತಾಮ್ರದ ಪುಡಿ 75 ಭಾಗ, ಕ್ರೋಮಿಯಂ ಪುಡಿ 25 ಭಾಗ ಬೆರೆಸಿ, ವ್ಯಾಕ್ಯೂಮ್ ಹಾಟ್ ಪ್ರೆಸ್‌ನಲ್ಲಿ (ಗಾಳಿ ತೆಗೆದು, ಬಿಸಿ ಮಾಡುತ್ತಲೇ ಒತ್ತುವ ಯಂತ್ರ) ಒತ್ತಿ ಬಿಲ್ಲೆ ಮಾಡುತ್ತೇವೆ. ಸಬ್‌ಸ್ಟೇಷನ್‌ಗಳಲ್ಲಿ ಕರೆಂಟ್ ಕಡಿಯುವ ವ್ಯಾಕ್ಯೂಮ್ ಬ್ರೇಕರ್ ಇರುತ್ತಲ್ಲ, ಅದರೊಳಗೆ ಕೂಡಿ ಬಿಡುವ ಕಾಂಟ್ಯಾಕ್ಟ್ ಆಗುವುದು ಇಂಥ ಬಿಲ್ಲೆಯೇ.

ಇವೆರಡನ್ನೂ ಕರಗಿಸಿ ಎರಕ ಹೊಯ್ಯುವುದು ಸುಲಭವಲ್ಲ. ತಾಮ್ರ 1085 ಡಿಗ್ರಿಗೆ ಕರಗುತ್ತದೆ, ಕ್ರೋಮಿಯಂ 1900 ದಾಟಬೇಕು. ಗಟ್ಟಿ ತಾಮ್ರದಲ್ಲಿ ಕ್ರೋಮಿಯಂ ಶೇಕಡಾ 1ರಷ್ಟೂ ಬೆರೆಯುವುದಿಲ್ಲ. ಹಾಗಾಗಿ ಪುಡಿಯನ್ನು ಗ್ರಾಫೈಟ್ ಡೈಗೆ (ಅಚ್ಚಿಗೆ) ತುಂಬಿ, ಗಾಳಿ ಎಳೆದು, 950 ಡಿಗ್ರಿಯಲ್ಲಿ 35 ಮೆಗಾಪಾಸ್ಕಲ್ ಒತ್ತಡ ಕೊಡುತ್ತೇವೆ. 60 ಮಿಲಿಮೀಟರ್ ಬಿಲ್ಲೆಗೆ ಸುಮಾರು 10 ಟನ್ ಭಾರ. ಮೆತ್ತಗಾದ ತಾಮ್ರ ಕ್ರೋಮಿಯಂ ಕಣಗಳ ಸಂದಿಗೆಲ್ಲ ತೂರಿ ಕೂರುತ್ತದೆ. (ಒಮ್ಮೆ ಬಿಸಿ ಅಳೆಯುವ ಥರ್ಮೋಕಪಲ್ ಜಾಗ ಬಿಟ್ಟು ಸರಿದು, ಬಿಸಿ ಜಾಸ್ತಿಯಾಗಿ, ತಾಮ್ರ ಮೇಲಿಂದ ಒತ್ತುವ ಪಂಚ್‌ನ ಸಂದಿಯಿಂದ ಬೆವರಿನ ಹಾಗೆ ಹೊರಬಂದಿತ್ತು. ಆ ಡೈ ಅಲ್ಲಿಗೇ ಮುಗಿಯಿತು.)

ಬಿಸಿ ಏರಿಸಿ ಒತ್ತುವ ನಮ್ಮ ಹಳೇ ಕ್ರಮದಲ್ಲಿ 400 ಡಿಗ್ರಿಗೆ ಮುಕ್ಕಾಲು ಗಂಟೆ ಸುಮ್ನೆ ನಿಲ್ಲಿಸುವುದಿತ್ತು. ಲೋಡ್ (ಒತ್ತುವ ಭಾರ) ಇಲ್ಲ, ಏನಿಲ್ಲ. ಹೊಸದಾಗಿ ಪ್ರೊಸೆಸ್ ನೋಡಿಕೊಳ್ಳಲು ಬಂದ ನನಗೆ ಅದು ದಂಡ ಅನಿಸಿತು. ತೆಗೆದುಹಾಕಿದೆ. ಬಿಸಿ ಬೇಗ ಏರಿಸಿ, 600 ಡಿಗ್ರಿಗೇ ಪೂರ್ತಿ ಲೋಡ್ ಕೊಟ್ಟೆ.

ಬಿಲ್ಲೆ ಚೆನ್ನಾಗೇ ಬಂತು. ನೀರಲ್ಲಿ ಮುಳುಗಿಸಿ ತೂಗಿದರೆ ಡೆನ್ಸಿಟಿ 8.36. ಈ ಮಿಶ್ರಣಕ್ಕೆ ಲೆಕ್ಕದ ಪ್ರಕಾರ ಸಿಗಬಹುದಾದದ್ದು 8.44. ಅಂದರೆ 99 ಪರ್ಸೆಂಟ್! ಮೀಟಿಂಗ್‌ನಲ್ಲಿ ಬೆನ್ನು ತಟ್ಟಿಸಿಕೊಂಡೆ.

ಮೂರು ವಾರಕ್ಕೆ ಗಿರಾಕಿಯಿಂದ ಫೋನ್. ಬಿಲ್ಲೆಯನ್ನು ಬ್ರೇಜಿಂಗ್‌ಗೆ (ಬೇರೆ ಲೋಹ ಕರಗಿಸಿ ಬೆಸೆಯಲು) ಅಂತ 800 ಡಿಗ್ರಿಗೆ ಬಿಸಿ ಮಾಡಿದರೆ ಮೈಮೇಲೆ ಗುಳ್ಳೆ ಏಳುತ್ತಿವೆ ಅಂದರು. ವಾಪಸ್ ಬಂದ ಒಂದನ್ನು ಕುಯ್ದು, ಪಾಲಿಶ್ ಮಾಡಿ ಮೈಕ್ರೋಸ್ಕೋಪ್ ಕೆಳಗಿಟ್ಟೆ. ಕೆಂಪು ತಾಮ್ರದ ನಡುವೆ ಬೂದು ಬಣ್ಣದ ಕ್ರೋಮಿಯಂ ಕಣಗಳು. ಅವುಗಳ ಅಂಚಿನಲ್ಲಿ ಸಾಸಿವೆಯನ್ನು ಚೆಲ್ಲಿದ ಹಾಗೆ ಗುಂಡಗಿನ ತೂತುಗಳು. ಗುಳ್ಳೆಯ ಒಳಗೋಡೆ ಫಳಫಳ ಹೊಳೆಯುತ್ತಿತ್ತು.

ನಮ್ಮ ಫರ್ನೇಸ್ ಅಣ್ಣ ಬಾಗಲೂರು ಕಡೆಯವರು. ಇಣುಕಿ ನೋಡಿ ನಕ್ಕರು. "ಹಿಟ್ಟು ಬೇಯೋಕ್ ಮುಂಚೆನೇ ಕೋಲು ಹಾಕಿದ್ರೆ ಮುದ್ದೇಲಿ ಗಂಟಾಗಲ್ವಾ ಸಾರ್?"

ವಿಷಯ ಅಷ್ಟೇ. ಪುಡಿಯ ಪ್ರತಿ ಕಣದ ಮೈಗೂ ತೇವ, ಗಾಳಿ ಅಂಟಿಕೊಂಡಿರುತ್ತದೆ. ಅದೂ ಐಪ್ಪಸಿ (ತಮಿಳು ತಿಂಗಳು, ಅಕ್ಟೋಬರ್-ನವೆಂಬರ್) ಮಳೆಯಲ್ಲಿ ಡಬ್ಬದ ಮುಚ್ಚಳ ತೆಗೆದಿಟ್ಟರೆ ಕೇಳಲೇಬೇಡಿ. ಬಿಸಿಯಾದಂತೆ ಅದು ಬಿಟ್ಟುಕೊಳ್ಳುತ್ತದೆ, ವ್ಯಾಕ್ಯೂಮ್ ಅಳೆಯುವ ಗೇಜಿನ ಮುಳ್ಳು ಮೇಲೇರುವುದು ಅದಕ್ಕೇ. ಕಣಗಳ ನಡುವಿನ ಸಂದಿ ಒಂದಕ್ಕೊಂದು ಕೂಡಿರುವ ತನಕ ಪಂಪು ಅದನ್ನು ಎಳೆದು ಹಾಕುತ್ತದೆ. ಡೆನ್ಸಿಟಿ 92 ಪರ್ಸೆಂಟ್ ಆಸುಪಾಸು ಹೋಯಿತೆಂದರೆ ಸಂದಿಗಳು ಮುಚ್ಚತೊಡಗುತ್ತವೆ. ಆಮೇಲೆ ಹೊರಗೆ ಎಷ್ಟೇ ವ್ಯಾಕ್ಯೂಮ್ ಇದ್ದರೂ ಒಳಗಿನ ಗ್ಯಾಸ್ ಒಳಗೇ. ಪ್ರೆಸ್‌ನಲ್ಲಿ 10 ಟನ್ ಕೆಳಗೆ ಅದು ಮುದುಡಿ ಕೂತಿರುತ್ತದೆ, ತೂಕಕ್ಕೆ ಸಿಗುವುದಿಲ್ಲ. ಭಾರವಿಲ್ಲದೆ ಮತ್ತೆ ಬಿಸಿ ಮಾಡಿದಾಗ ಮೆತ್ತಗಿನ ತಾಮ್ರವನ್ನು ಉಬ್ಬಿಸುತ್ತದೆ. ಗುಳ್ಳೆ ಏಳದಿದ್ದರೂ ಬ್ರೇಕರ್‌ನಲ್ಲಿ ಆರ್ಕ್ (ಕರೆಂಟಿನ ಕಿಡಿ) ಬಿದ್ದಾಗ ಗ್ಯಾಸ್ ಹೊರಬಂದು ವ್ಯಾಕ್ಯೂಮ್ ಕೆಡಿಸುತ್ತದೆ.

ಈಗ ಪುಡಿಯನ್ನು ಮೊದಲು ವ್ಯಾಕ್ಯೂಮ್ ಓವನ್‌ನಲ್ಲಿ ಒಣಗಿಸುತ್ತೇವೆ. 400ರಲ್ಲಿ ಮುಳ್ಳು ಇಳಿಯುವ ತನಕ ಕಾಯುತ್ತೇವೆ, ಪೂರ್ತಿ ಲೋಡ್ 900 ಆದಮೇಲೆ. ಲಾಟ್‌ಗೊಂದು ಬಿಲ್ಲೆಯನ್ನು 800ಕ್ಕೆ ಬಿಸಿ ಮಾಡಿ ಮತ್ತೆ ತೂಗುತ್ತೇವೆ. ಡೆನ್ಸಿಟಿ ಇಳಿದರೆ ಲಾಟ್ ಹೊರಗೆ ಹೋಗುವುದಿಲ್ಲ. ಸಮಯ ಉಳಿಸಲು ಬಿಸಿಯನ್ನು 1050ಕ್ಕೆ ಏರಿಸಿಯೂ ನೋಡಿದೆ. ತಾಮ್ರದ ಗ್ರೇನ್ (ಒಳಗಿನ ಹರಳು) ದಪ್ಪವಾಗಿ ಗಡಸುತನ ಇಳಿಯಿತು, ಬಿಟ್ಟೆ.

ಮೊನ್ನೆ ಹೊಸ ಮ್ಯಾನೇಜರ್ ಬಂದು, "ಆ ಮುಕ್ಕಾಲು ಗಂಟೆ ಯಾಕೆ ವೇಸ್ಟ್?" ಅಂತ ಕೇಳಿದರು. ಡ್ರಾಯರ್‌ನಿಂದ ಕುಯ್ದ ಬಿಲ್ಲೆ ತೆಗೆದು ಅವರ ಕೈಗಿಟ್ಟೆ.