ಹೋಗೋ ಮುಂಚೆ ಒಂದೆರಡು ಮಾತು
ನಾಳೆ ಅಮೆರಿಕಕ್ಕೆ ಹೊರಟಿದೀನಿ, ಪೈಲಟ್ ಟ್ರೈನಿಂಗಿಗೆ. ಸಂಜೆ ಅವ್ವ ದಾವಣಗೆರೆ ಮಂಡಕ್ಕಿ ಮಿರ್ಚಿ ಮುಂದಿಟ್ಟು ಇನ್ನೊಂದ್ಸಲ ಕೇಳಿದ್ಲು, ಕಲ್ತ ಮೇಲೆ ಅಲ್ಲೇ ಕೆಲಸ ಸಿಗುತ್ತೇನೋ ಅಂತ. ಇಲ್ಲವ್ವ ಅಂದೆ. ಎಮ್-1 ವೀಸಾ ಇರೋದು ಕಲಿಯೋಕೆ, ಮತ್ತೆ ಅಲ್ಲಿ ಏರ್‌ಲೈನ್ ಸೇರೋಕೆ ಸಾಮಾನ್ಯವಾಗಿ 1500 ಗಂಟೆ ಹಾರಿರ್ಬೇಕು, ನಮ್ಮಲ್ಲಿ ಕಮರ್ಷಿಯಲ್ ಲೈಸೆನ್ಸಿಗೆ, ಅಂದ್ರೆ ಸಂಬಳಕ್ಕೆ ವಿಮಾನ ಹಾರಿಸೋ ಲೈಸೆನ್ಸಿಗೆ, 200 ಗಂಟೆ ಸಾಕು, ಅದಕ್ಕೇ ವಾಪಸ್ ಬಂದು ನಮ್ಮ ದೇಶದ ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಡಿಜಿಸಿಎ ಹತ್ರ ಅಲ್ಲಿನ ಲೈಸೆನ್ಸ್ ಕನ್ವರ್ಟ್ ಮಾಡಿಸ್ಕೊಂಡು ಇಲ್ಲೇ ಕೆಲಸ ಹುಡುಕೋದು. ನ್ಯಾವಿಗೇಶನ್, ಹವಾಮಾನ, ರೆಗ್ಯುಲೇಶನ್ ಪೇಪರ್ ಎಲ್ಲಾ ಈಗ್ಲೇ ಪಾಸ್ ಮಾಡ್ಕೊಂಡಿದೀನಿ. ಹೋಗೋರಿಗೆ ನಾನು ಹೇಳೋದಿಷ್ಟೇ, ಫೀಸ್ ಕಟ್ಟೋಕೆ ಮೊದ್ಲು ಕ್ಲಾಸ್ 1 ಮೆಡಿಕಲ್, ಅಂದ್ರೆ ಪೈಲಟ್ ಆಗೋರಿಗೆ ಬೇಕಾದ ಆರೋಗ್ಯ ತಪಾಸಣೆ, ಮಾಡಿಸಿ, ಅದ್ರಲ್ಲಿ ಅನ್‌ಫಿಟ್ ಅಂದ್ರೆ ಕಟ್ಟಿದ ದುಡ್ಡೆಲ್ಲಾ ಹೋಯ್ತು. ಅಪ್ಪಾಜಿ ಚನ್ನಗಿರಿ ಕಡೆ ಇರೋ ಅಡಿಕೆ ತೋಟ ಅಡ ಇಟ್ಟು ಸಾಲ ತಂದಿದಾರೆ, ಒಂದ್ಮಾತೂ ಆಡ್ಲಿಲ್ಲ. ಈಗ ನಡುಮನೇಲಿ ಕೂತು ನನ್ನ ಶೂಗೆ ಪಾಲಿಶ್ ಹಾಕ್ತಿದಾರೆ, ನೋಡಿ ಗಂಟಲು ಕಟ್ತು.